ಬೇವಿಗೆ ಬಂದ ಜ್ವರ

ಮರ ನೀರು ಕುಡಿಯುವುದನ್ನು ಅಳೆಯುವುದು ನನ್ನ ಕೆಲಸ. ಕಾಂಡಕ್ಕೆ ಸಣ್ಣ ತೂತು ಕೊರೆದು, ಒಂದರ ಮೇಲೊಂದರಂತೆ ಎರಡು ಸೂಜಿ ಇಳಿಸುತ್ತೇನೆ. ಮೇಲಿನ ಸೂಜಿಯನ್ನು ಬ್ಯಾಟರಿ ಬೆಚ್ಚಗಿಡುತ್ತದೆ, ಕೆಳಗಿನದು ಮರದಷ್ಟೇ ತಣ್ಣಗಿರುತ್ತದೆ. ಬೇರಿನಿಂದ ಏರುವ ರಸ ಮೇಲಿನ ಸೂಜಿಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಸೂಜಿ ಎಷ್ಟು ತಣಿಯಿತು ಎಂಬುದರ ಮೇಲೆ ಮರ ಎಷ್ಟು ಕುಡಿಯಿತು ಎಂದು ಲೆಕ್ಕ ಹಾಕುವುದು. ಕುಂಚಾವರಂ ಕಾಡಿನ ಬೇವಿಗೂ ಕೋಡ್ಲಾ ಕಡೆಯ ಅಂಗಳದ ಬೇವಿಗೂ ಏನು ವ್ಯತ್ಯಾಸ ಎಂದು ನೋಡಲು ಈ ಬೇಸಿಗೆ ಹೊರಟಿದ್ದೆ.

ಕೋಡ್ಲಾ ಸಮೀಪ ಒಂದು ಮನೆಯ ಬೇವು ನನಗೆ ಹಿಡಿಸಿತು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಕೇಳಿದ್ದೇ ತಡ ಒಪ್ಪಿದರು, ನೆರಳಲ್ಲಿ ಕೂರಿಸಿ ಚಹಾ ಕೊಟ್ಟರು. ಸೂಜಿಗಳಿಗೆ ಬಿಸಿಲು ತಾಗದಂತೆ ಕಾಂಡಕ್ಕೆ ಬೆಳ್ಳಿಹಾಳೆ ಸುತ್ತುತ್ತಿದ್ದಾಗ ತಾಯಿ ಬಂದು ನಿಂತಳು.

"ಇದೇನ್ ಮಾಡಾಕತ್ತೀರಿ ಮೇಡಂ?"

ಹೋದಲ್ಲೆಲ್ಲ ಇದೇ ಪ್ರಶ್ನೆ ಕೇಳಿ ಸಾಕಾಗಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಮರಕ್ಕ ಜ್ವರ ಬಂದದೇನಂತ ನೋಡಾಕತ್ತೀನ್ರಿ" ಎಂದುಬಿಟ್ಟೆ. ಪುಟ್ಟ ಪರದೆಯ ಮೇಲೆ ಅಂಕಿ ಏರುವುದನ್ನೂ ತೋರಿಸಿದೆ. ಅವಳು ಕಾಂಡದ ಮೇಲೆ ಅಂಗೈ ಇಟ್ಟು ನೋಡಿದಳು. ನನಗೆ ಒಳಗೊಳಗೇ ನಗು.

ಎರಡು ವಾರದ ಮೇಲೆ ಬ್ಯಾಟರಿ ಬದಲಿಸಲು ಮತ್ತೆ ಹೋದಾಗ, "ಚಪ್ಪಲಿ ಹೊರಗ ಬಿಡ್ರಿ" ಎಂದಳು ಆ ತಾಯಿ. ಅಂಗಳಕ್ಕೆ ಹಾಸಿದ ಪರಸಿಕಲ್ಲನ್ನು ತೊಳೆದಿದ್ದರು. ಮರಕ್ಕೆ ಒದ್ದೆ ಬಟ್ಟೆ ಸುತ್ತಿ ಅರಿಶಿನ ಹಚ್ಚಿದ್ದರು, ಬುಡದಲ್ಲಿ ಮೊಸರನ್ನದ ಎಡೆ ಇತ್ತು. ನಾನು ಕೊರೆದ ತೂತುಗಳಿಂದ ಸೋರಿದ ಅಂಟು ಬೆಳ್ಳಿಹಾಳೆಯ ಕೆಳಗೆ ಇಳಿದು ಕಂದುಗೆಂಪು ಗುಳ್ಳೆಗಳಾಗಿ ಗಟ್ಟಿಯಾಗಿತ್ತು. ಮೊದಲು ಜ್ವರ, ಆಮೇಲೆ ಗುಳ್ಳೆ, ಅದೂ ಬೇವಿನ ಮರಕ್ಕೆ. ನಾನೇನು ಹೊರಗಿನವಳಲ್ಲ, ಚಿತ್ತಾಪುರದವಳೇ. ಚಿಕ್ಕಂದಿನಲ್ಲಿ ನನ್ನ ಮೈಮೇಲೆ ಗುಳ್ಳೆ ಎದ್ದಾಗ, ದೇವಿ ತಾಯಿ ಬಂದಿದ್ದಾಳೆಂದು ನಮ್ಮ ಮನೆಯಲ್ಲೂ ಒಗ್ಗರಣೆ ನಿಲ್ಲಿಸಿದ್ದರು, ಹೊರಗಿನವರನ್ನು ಒಳಗೆ ಬಿಟ್ಟಿರಲಿಲ್ಲ.

"ನೀವು ಹೇಳಿದ್ದು ಖರೇ ಆತು ನೋಡ್ರಿ, ಮರಕ್ಕ ತಾಯಿ ಬಂದಾಳ" ಎಂದಳು ಮನೆಯಾಕೆ. "ವಾಡಿಯಿಂದ ಮಗಳನ್ನ ನೋಡಾಕ ಬರಾವ್ರಿದ್ರು. ಅಂಗಳದಾಗ ತಾಯಿ ಕುಂತಾಗ ಬೀಗರ್ನ ಹೆಂಗ ಕರೀಬೇಕು? ಸದ್ಯ ಬರಬ್ಯಾಡ್ರಿ ಅಂತ ಹೇಳಿ ಕಳಿಸಿದೆ. ಅವ್ರು ಶಹಾಬಾದದಾಗ ಬ್ಯಾರೆ ಹುಡುಗೀನ ಗೊತ್ತು ಮಾಡ್ಕೊಂಡ್ರು."

ಅವಳ ದನಿಯಲ್ಲಿ ನನ್ನ ಮೇಲೆ ಒಂದಿಷ್ಟೂ ಬೇಸರವಿರಲಿಲ್ಲ. "ತಾಯಿ ಯಾವಾಗ ಹೋಗ್ತಾಳ, ನಿಮ್ಮ ಮಷೀನಿನಾಗ ನೋಡಿ ಹೇಳ್ರಿ" ಎಂದು ಕೇಳಿದಳು.

ನಾಚಿಕೆಯಿಂದ ಮೈ ಹಿಡಿಯಾಯಿತು. ನಿಜ ಹೇಳಬೇಕೆಂದು ಬಾಯಿ ತೆರೆದೆ. "ಹೋದಳ್ರಿ" ಎಂದೆ, ಸೂಜಿ ಕಿತ್ತೆ. ಅವಳು ಮರಕ್ಕೆ ಕೈಮುಗಿದು, ನನಗೆ ಉಡಿ ತುಂಬಬೇಕೆಂದು ಅಕ್ಕಿ, ಕಾಯಿ ತರಲು ಒಳಗೆ ಹೋದಳು.

ವೈರು ಸುತ್ತುತ್ತಿದ್ದ ನನ್ನ ಪಕ್ಕಕ್ಕೆ ಮಗಳು ಬಂದಳು. "ಮರಕ್ಕ ಖರೇನ ಜ್ವರ ಇತ್ತೇನ್ರಿ?"

"ಇಲ್ಲವ್ವ" ಎಂದೆ. "ನಾ ಸುಮ್ಮ ಅಂದಿದ್ದೆ. ಆ ಗುಳ್ಳಿ ನಾ ತೂತು ಹಾಕಿದ್ದಕ್ಕ ಸೋರಿದ ಅಂಟು."

ಅವಳು ಒಂದು ಗುಳ್ಳೆಯನ್ನು ಉಗುರಿನಿಂದ ಕೆರೆದು ನೋಡಿದಳು. "ಹುಡುಗ ಫೋಟೋದಾಗ ಭಾಳ ಛಲೋ ಇದ್ದ" ಎಂದಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವ್ವಗ ಹೇಳಬ್ಯಾಡ್ರಿ. ತಾಯಿ ಸಲುವಾಗಿ ಸಂಬಂಧ ತಪ್ಪಿಹೋತು ಅಂತ ಅಕಿ ಸಮಾಧಾನ ಮಾಡ್ಕೊಂಡಾಳ."

ಅಷ್ಟರಲ್ಲಿ ತಾಯಿ ತಟ್ಟೆ ಹಿಡಿದು ಬಂದು, ಕುಂಕುಮ ಹಚ್ಚು ಎಂದು ಮಗಳಿಗೆ ಹೇಳಿದಳು. ಹುಡುಗಿ ನನ್ನ ಹಣೆಗೆ ಕುಂಕುಮ ಹಚ್ಚಿದಳು. ನಾನು ಅವಳ ಮುಖ ನೋಡಲಾರದೆ ದುಪಟ್ಟಾ ಒಡ್ಡಿದೆ.