ನಿಂಬೆವ್ವನ ಹತ್ತಿ ಹೊಲದಲ್ಲಿ ಶಾಂತಲಿಂಗಪ್ಪ ಸರ್

ವಿಜ್ಞಾನವನ್ನು ಪಾಠದ ಕೋಣೆಯಿಂದ ಹೊಲದ ಬದುವಿಗೆ ಕರೆತಂದ ಶಿಕ್ಷಕರು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಎಷ್ಟು ಮಂದಿಯೋ ಗೊತ್ತಿಲ್ಲ. ಅವರಲ್ಲಿ ಮೊದಲ ಹೆಸರು ನಮ್ಮ ಶಾಂತಲಿಂಗಪ್ಪ ಸರ್ ಅವರದೇ ಎಂದು ನಾನು ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲುತ್ತೇನೆ!

೧೯೭೧ರಲ್ಲಿ ಕಿಣ್ಣಿ ಸುಲ್ತಾನದಲ್ಲಿ ಸೇವೆಗೆ ಸೇರಿದ ಸರ್, ಜೇವರ್ಗಿಯಲ್ಲಿ ಬಹುಕಾಲ ಕಲಿಸಿ, ಕೊನೆಗೆ ನಮ್ಮ ಅತನೂರಿನ ಪ್ರೌಢಶಾಲೆಗೆ ಬಂದರು. ತೊಗರಿ ರಾಶಿಯ ದಿನಗಳಲ್ಲಿ ನಾವು ಹುಡುಗಿಯರು ಶಾಲೆ ತಪ್ಪಿಸಿದರೆ ಬೈಯುತ್ತಿರಲಿಲ್ಲ. ಸಂಜೆ ಕಣಕ್ಕೇ ಬಂದು ತಪ್ಪಿದ ಪಾಠ ಹೇಳಿಕೊಡುತ್ತಿದ್ದರು. ನಾನಿಂದು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿರುವುದು ಆ ಕಣದ ಪಾಠಗಳಿಂದಲೇ.

೧೯೯೮ರ ನವೆಂಬರಿನಲ್ಲಿ ಕುಲಾಂತರಿ ಹತ್ತಿಯ ಸುದ್ದಿ ಊರೂರಿಗೆ ಹಬ್ಬಿತ್ತು. ಕಾಯಿಕೊರಕ ಹುಳುವನ್ನು ಸಾಯಿಸುವ ಗುಣವನ್ನು ಬೀಜದೊಳಗೇ ಸೇರಿಸಿದ ಆ ಹತ್ತಿಯನ್ನು ಅಮೆರಿಕ, ಚೀನಾಗಳಲ್ಲಿ ಆಗಲೇ ಬೆಳೆಯುತ್ತಿದ್ದರು. ನಮ್ಮ ದೇಶದಲ್ಲಿ ಅದಿನ್ನೂ ಪರೀಕ್ಷೆಯಲ್ಲಿತ್ತು. ಅದು ಭೂಮಿಯನ್ನೇ ಬಂಜರು ಮಾಡುತ್ತದೆಂಬ ಭಯವೂ ಸುದ್ದಿಯ ಜೊತೆಗೇ ಬಂದಿತ್ತು. ಅಂಥ ಹೊತ್ತಿನಲ್ಲಿ ನಮ್ಮೂರಿನ ನಿಂಬೆವ್ವನ ಹೊಲದಲ್ಲಿ ಬೀಜದ ಕಂಪನಿಯವರು ತಮ್ಮ ಜಾಹೀರಾತಿನ ಇಂಗ್ಲಿಷ್ ಹಲಗೆಯೊಂದನ್ನು ನೆಟ್ಟು ಹೋದರು. ಅದನ್ನು ಕಂಡದ್ದೇ ತಡ, ಪಕ್ಕದ ಹೊಲದ ಧರ್ಮಣ್ಣ ಜನ ಕಟ್ಟಿಕೊಂಡು ಬೆಳೆ ಕೀಳಲು ಬಂದ. ಸರ್ ಪಾಠ ನಿಲ್ಲಿಸಿ ಸೈಕಲ್ ಹತ್ತಿದರು. ಹಿಂದೆ ನಾವೂ ಓಡಿದೆವು.

ನಿಂಬೆವ್ವನ ವರ್ಷದ ದುಡಿಮೆಯೆಲ್ಲ ಆ ಹತ್ತಿಯಲ್ಲೇ ಇತ್ತು. ಆಕೆ ಗಿಡಗಳ ಸಾಲಿಗೆ ಅಡ್ಡ ನಿಂತಿದ್ದಳು.

“ಲೇ ಧರ್ಮಣ್ಣಾ, ಅಂಗಡ್ಯಾಗ ಕೊಟ್ಟ ಬೀಜಾ ಬಿತ್ತೀನಿ. ಗಿಡಾ ಮುಟ್ಟಿದ್ರ ನೋಡು!”

“ನೀವು ಬಾಜೂಕ ಸರೀರಿ ಸರ,” ಎಂದ ಧರ್ಮಣ್ಣ. “ಇದು ಪರದೇಶಿ ಬೀಜಾ ಅದ. ನಾಳಿ ನನ್ನ ಹೊಲಕ್ಕೂ ಹಬ್ತದ.”

“ಕೀಳಾಕ ಅವಸರ ಯಾಕ? ಮೊದಲ ಒಂದು ಕಾಯಿ ಒಡಿ,” ಎಂದರು ಸರ್.

ಒಡೆದ. ಒಳಗೆ ಹುಳು. ಇನ್ನೊಂದು ಒಡೆದ. ಅದರಲ್ಲೂ ಹುಳು.

“ಆ ಹತ್ತಿ ತಿಂದ್ರ ಈ ಹುಳಾ ಸಾಯ್ತದ. ಇಲ್ಲಿ ನೋಡು, ತಿಂದು ನಿನಗಿಂತ ದಪ್ಪ ಆಗ್ಯದ!”

ಜನ ನಕ್ಕರು. ನಿಂಬೆವ್ವ ನಗಲಿಲ್ಲ.

“ಅಂದ್ರ, ಹುಳಾ ಸಾಯೋ ಹತ್ತಿ ಖರೇನೇ ಅದ ಏನ್ರಿ ಸರ? ನನಗ ಯಾವಾಗ ಸಿಗ್ತದ?”

“ಪರೀಕ್ಷಾ ಮುಗೀಲಿ ಅವ್ವಾ. ಬಂದ ಮ್ಯಾಲೂ ನಾ ಹೇಳ್ದೆ ಅಂತ ಬಿತ್ತಬ್ಯಾಡ. ಅರ್ಧಾ ಎಕರೆ ಅದು, ಅರ್ಧಾ ಎಕರೆ ಇದು ಹಾಕು. ಎರಡೂ ನೋಡಿ ನೀನೇ ಹೇಳು.”

“ಅವತ್ತ ನನ್ನೂ ಕರೀರಿ,” ಎಂದು ಧರ್ಮಣ್ಣ ಜನರನ್ನು ಕರೆದುಕೊಂಡು ಹೋದ.

ಭಯಕ್ಕೂ ಆಸೆಗೂ ಒಂದೇ ಉತ್ತರ ಕೊಟ್ಟ ನಮ್ಮ ಗುರುಗಳು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಇನ್ನೂ ಪರೀಕ್ಷೆಯಲ್ಲೇ ಇರುವ ಆ ಬೀಜ ನಮ್ಮ ನೆಲಕ್ಕೆ ಬಂದು, ನಮ್ಮವರೇ ಅದನ್ನು ಒರೆಗೆ ಹಚ್ಚುವುದನ್ನು ಅವರು ಕಣ್ಣಾರೆ ಕಾಣಲಿ. ಅದರಾಚೆಗೂ ಬಹುಕಾಲ ಗಟ್ಟಿಯಾಗಿ ಸೈಕಲ್ ತುಳಿಯಲಿ. ಸರ್ ಅವರ ಈ ಅಭಿನಂದನ ಗ್ರಂಥಕ್ಕೆ ಬರೆಯುತ್ತಿದ್ದೇನೆಂದು ತಿಳಿದ ನಿಂಬೆವ್ವ ಹೇಳಿದ್ದನ್ನೂ ಸೇರಿಸುತ್ತೇನೆ:

“ಸರ್ ರಿಟೈರ್ ಆಗೋದು ಸಾಲಿಗಿ ಅಷ್ಟೇ. ನನ್ನ ಹೊಲಕ್ಕ ಬರೋದು ಬಿಡ್ಬ್ಯಾಡ್ರಿ ಅಂತ ಬರಿ.”