ತೆಪ್ಪದಲ್ಲಿ ನೆನಪಾದ ಗ್ರೀಕ್ ಪದ

ತೆಪ್ಪ ನಿಜಕ್ಕೂ ಸುಳಿಗೆ ಸಿಕ್ಕು ತಿರುಗಿತೋ, ಭಯಕ್ಕೆ ನನಗೆ ಹಾಗನಿಸಿತೋ, ಈಗ ಆಣೆ ಮಾಡಿ ಹೇಳಲಾರೆ. ಹರಿಹರದ ಬಳಿ ತುಂಗಭದ್ರೆಯ ನಡುವೆ ಹುಟ್ಟು ಹಿಡಿದಿದ್ದವರು ಗಂಗಮ್ಮ. ಅಂಬಿಗರ ಮನೆಯವರು, ಆಚೆ ದಡದ ಊರಿನ ಪಂಚಾಯ್ತಿಗೆ ಹೊಸ ಅಧ್ಯಕ್ಷೆ. ಎರಡು ಸಲ ಹುಟ್ಟು ಹಾಕಿ ತೆಪ್ಪವನ್ನು ನೇರ ಮಾಡಿ, ಏನೂ ಆಗದವರಂತೆ ಮಾತು ತೆಗೆದರು.

“ನಾಳೆ ರಾಜೀನಾಮೆ ಕೊಡ್ತೀನ್ರಿ ಸರ್. ತೆಪ್ಪ ನಡೆಸೋಳು ಪಂಚಾಯ್ತಿ ಏನ್ ನಡೆಸ್ತಾಳ ಅಂತ ಸಭೆಯಾಗ ನಗ್ತಾರ.”

ನಾನು ಕೂತಲ್ಲೇ ಕುಣಿಯುವುದೊಂದು ಬಾಕಿ. ಕಾಲೇಜಿನಲ್ಲಿ ಎಂದೋ ಕೇಳಿದ್ದ ಗ್ರೀಕ್ ಪದ ‘ಕ್ಯುಬೆರ್ನೆಸಿಸ್’ ನೆನಪಾಯಿತು. ಮಾರ್ಗದರ್ಶನ ಎಂದು ಅದರರ್ಥ, ಅದು ಹುಟ್ಟಿದ್ದು ಹಡಗು ನಡೆಸುವವರ ಮಾತಿನಿಂದ, ‘ಗವರ್ನಮೆಂಟ್’ ಕೂಡ ಅದೇ ಬೇರಿನದು ಎಂದು ಕೂಗಿಯೇ ಹೇಳಿದೆ.

“ಹೌದೇನ್ರಿ? ಹಂಗಾರೆ ರಾಜೀನಾಮೆ ಬ್ಯಾಡ, ನಾಳೆ ಇದನ್ನೇ ಹೇಳ್ತೀನಿ. ಸುಳ್ಳಾದ್ರ ಮುಂದಿನ ಸಲ ನಿಮ್ಮನ್ನ ನಡು ಹೊಳ್ಯಾಗ ಇಳಿಸ್ತೀನಿ ನೋಡ್ರಿ!”

ನನ್ನ ನೆನಪನ್ನು ನಾನೇ ನಂಬುವವನಲ್ಲ. ದಾವಣಗೆರೆಯ ಮನೆ ಸೇರಿದವನೇ ಚಪ್ಪಲಿಯನ್ನೂ ಬಿಡದೆ ನಿಘಂಟು ತೆರೆದೆ, ಗಂಗಮ್ಮನವರಿಗೆ ಫೋನ್ ಮಾಡಿ ಓದಿ ಹೇಳಿದೆ: ಹಡಗು ನಡೆಸು ಎಂಬ ಗ್ರೀಕ್ ಪದವೇ ಲ್ಯಾಟಿನ್ ಹಾದಿಯಲ್ಲಿ ‘ಗವರ್ನಮೆಂಟ್’ ಆಗಿದೆ.