ಹತ್ತು ಹಾಡುಗಳ ತಳದಲ್ಲೊಂದು ದನಿ

ಜಮೈಕಾದ ಕಿಂಗ್‌ಸ್ಟನ್ನಿನ ಕ್ರಾಸ್ ರೋಡ್ಸ್ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿನೆಟ್ ಟುಲಾಕ್ ತಮ್ಮ ಕೈಗಾಡಿಯ ಮುಂದೆ ನಿಂತು ಮೆಕ್ಕೆಜೋಳದ ಗಂಜಿ ತಿರುವುತ್ತಿದ್ದಾರೆ. ತೆಂಗಿನ ಹಾಲು ಉಕ್ಕುವ ಮುಂಚೆ ಉರಿ ತಗ್ಗಿಸಬೇಕು, ಜಾಯಿಕಾಯಿ ತುರಿಯಬೇಕು, ಮೊದಲ ಬಸ್ಸಿನ ನರ್ಸುಗಳು ಇಳಿಯುವಷ್ಟರಲ್ಲಿ ಲೋಟಗಳು ಸಿದ್ಧವಿರಬೇಕು.

"ಮಿಸ್ ವಿನಿ, ನಿನ್ನೆ ಗಂಜೀಲಿ ಮುಖ ಕಾಣ್ತಿತ್ತು," ಎಂದು ಟ್ಯಾಕ್ಸಿಯ ಎಗ್ಬರ್ಟ್ ಕೆಣಕುತ್ತಾನೆ.

"ಕಂಡು ಹೆದರ್ಕೊಂಡ್ಯೇನೋ, ಪಾಪ!"

ಅವನ ಕಾರಿನ ರೇಡಿಯೋದಲ್ಲಿ 'ಹಿತ್ತಲ ಬಾಗಿಲು' ಶುರುವಾಗುತ್ತದೆ. ಈ ಊರಲ್ಲಿ ಅದನ್ನು ಕೇಳದ ಗೋಡೆಯಿಲ್ಲ. ಅದು ಹಾಡಲ್ಲ, ರಿದಂ. ಒಂದೇ ಡ್ರಮ್ಮು, ಒಂದೇ ಬೇಸ್ ಗಿಟಾರು. ಅದರ ಮೇಲೆ ಹತ್ತು ಗಾಯಕರ ಹತ್ತು ಬೇರೆ ಹಾಡು, ಎಲ್ಲ ಒಂದೇ ರೆಕಾರ್ಡಿನಲ್ಲಿ. ಒಬ್ಬ ದೇವರನ್ನು ಕರೆಯುತ್ತಾನೆ, ಒಬ್ಬ ಪೊಲೀಸರನ್ನು ಬಯ್ಯುತ್ತಾನೆ, ಇನ್ನೊಬ್ಬ ಹುಡುಗಿಯನ್ನು ಬೇಡುತ್ತಾನೆ. ಹಿತ್ತಲ ಬಾಗಿಲಿನ ಮಾತು ಯಾವ ಹಾಡಿನಲ್ಲೂ ಇಲ್ಲ. ರಿದಮ್ಮಿಗೆ ಹೆಸರು ಬರುವುದು ಅದರ ಮೇಲೆ ಮೊದಲು ಹಾಡಿದ ಹಾಡಿನಿಂದ. ಆ ಮೊದಲ ಹಾಡು ವಿನೆಟ್ ಅವರದು. ಅದು ಹೊರಬರಲೇ ಇಲ್ಲ.

ಆಗ ಅವರಿಗೆ ಹತ್ತೊಂಬತ್ತು, ತುಂಬು ಬಸುರಿ. ಸ್ಟುಡಿಯೋ ಎಂದರೆ ಒಂದೇ ಕೋಣೆ. ವಾದ್ಯದವರಿಗೆ ದಾರಿ ತಿಳಿಯಲೆಂದು ಡ್ರಮ್ಮಿನ ಪಕ್ಕದಲ್ಲೇ ನಿಂತು ಹಾಡಿದರು. ನಿರ್ಮಾಪಕ ಬೈಫೀಲ್ಡ್ ಮೇಲಿಂದ ಕೆಳಗೆ ನೋಡಿ, "ಈ ಹೊಟ್ಟೆ ಫೋಟೋ ಹಾಕಿದ್ರೆ ಯಾರು ಕೊಳ್ತಾರೆ?" ಎಂದ. ಹಾಡನ್ನು ಅಳಿಸಿದ. ಆದರೆ ಡ್ರಮ್ಮಿನ ಮೈಕಿಗೆ ಹೊಕ್ಕಿದ್ದ ದನಿಯನ್ನು ಅಳಿಸಬೇಕಾದರೆ ಡ್ರಮ್ಮನ್ನೇ ಅಳಿಸಬೇಕಿತ್ತು. ಹಾಗಾಗಿ ಅದು ಉಳಿಯಿತು. ಹತ್ತೂ ಹಾಡುಗಳ ತಳದಲ್ಲಿ, ಗಾಯಕರು ಉಸಿರೆಳೆದುಕೊಳ್ಳುವ ಜಾಗದಲ್ಲಿ, ತೆಳ್ಳಗೆ ಒಂದು ಹೆಣ್ಣು ದನಿ.

"ಮಗಳನ್ನ ರೇಡಿಯೋ ಹತ್ರ ಎತ್ಕೊಂಡೋಗಿ, ಕೇಳು, ಅಮ್ಮ ಹಾಡ್ತಿದಾಳೆ ಅಂತಿದ್ದೆ," ಎನ್ನುತ್ತಾರೆ ವಿನೆಟ್. "ಪ್ರತಿ ಸಲ ಒಬ್ಬ ಗಂಡಸು ಹಾಡ್ತಿದ್ದ. ಅವಳು ಬಿದ್ದು ಬಿದ್ದು ನಗ್ತಿದ್ಲು."

ತಂದೆಯ ಕಂಪನಿಯನ್ನು ಈಗ ನಡೆಸುತ್ತಿರುವ ಕೋರ್ಟ್ನಿ ಬೈಫೀಲ್ಡ್ ಇವತ್ತು ಗಂಜಿಗೆ ಬಂದಿದ್ದಾನೆ. ಲೋಟ ಊದುತ್ತಾ, ರೆಕಾರ್ಡು ಮತ್ತೆ ಬಿಡುಗಡೆಯಾಗುತ್ತಿದೆ ಎಂದು ಹಿಗ್ಗುತ್ತಾನೆ.

"ಹಿಂದ್ಗಡೆ ಏನೋ ಕುಂಯ್‌ಗುಟ್ಟೋ ಗಲಾಟೆ ಇತ್ತಲ್ಲ ಆಂಟಿ, ಕಂಪ್ಯೂಟರಲ್ಲಿ ತೆಗೆಸಿದೀನಿ. ಈಗ ಕನ್ನಡಿ ಹಾಗಿದೆ."

"ಅದು ನಾನು ಕಣೋ."

ಕೋರ್ಟ್ನಿ ನಗುತ್ತಾನೆ. ಸೌಟು ನಿಂತದ್ದನ್ನು ಕಂಡು ನಗು ನುಂಗುತ್ತಾನೆ. "ಅಪ್ಪ ಬೀದಿ ಬೆಕ್ಕು ಅಂತಿದ್ರು."

"ನಿಮ್ಮಪ್ಪಂಗೆ ಚೆನ್ನಾಗ್ ಗೊತ್ತಿತ್ತು."

"ಕವರ್ ಹಿಂದೆ ನಿಮ್ಮ ಹೆಸರು ಹಾಕಿಸ್ತೀನಿ ಬಿಡಿ."

"ಹೆಸರು ನೀನೇ ಇಟ್ಕೊ. ದನಿ ವಾಪಸ್ ಹಾಕು."

"ಎಲ್ಲಿ ಆಗುತ್ತೆ ಆಂಟಿ? ಹೋದ ವಾರವೇ ಅಚ್ಚಿಗೆ ಹೋಯ್ತು."

ಅರ್ಧ ಲೋಟ ಬಿಟ್ಟು ಅವನು ಹೊರಡುತ್ತಾನೆ. ವಿನೆಟ್ ಉಳಿದದ್ದನ್ನು ಚರಂಡಿಗೆ ಚೆಲ್ಲಿ, ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆಯುತ್ತಾರೆ. ನರ್ಸುಗಳ ಸಾಲು ಬೆಳೆದಿದೆ. ಹೊಸ ರೆಕಾರ್ಡು ಕೇಳುತ್ತೀರಾ ಎಂದು ಎಗ್ಬರ್ಟ್ ಕೇಳಿದರೆ ತಲೆಯೆತ್ತುವುದಿಲ್ಲ.

"ಕೇಳ್ದೆ ಏನು? ಆ ಹತ್ತೂ ಜನ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು, ಡ್ರಮ್ಮಿನಡೀಲಿ ನನ್ನ ದನಿ ಹುಡುಕ್ಕೊಂಡೇ ಶ್ರುತಿ ಹಿಡಿದ್ರು. ಅವರ ಗಂಟಲಿಂದ ನನ್ನ ಹೆಂಗ್ ತೆಗೀತಾರಂತೆ?"